ಜವಾಬ್ದಾರಿ ನನಗೆ, ಸಹಿ ಅವರಿಗೆ: ಈ ಸಲವೂ ಒಪ್ಪಿಕೊಳ್ಳಲಾ?

ಪ್ರಶ್ನೆ: ನಾನು ಮಲೆನಾಡಿನ ಒಂದು ತಾಲೂಕು ಊರಿನ ಟ್ರಸ್ಟ್ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. 80 ಬೆಡ್ಡಿನ ಆಸ್ಪತ್ರೆ, 22 ವರ್ಷದ ಸರ್ವಿಸ್. 2021ರ ಎರಡನೇ ಅಲೆಯಲ್ಲಿ ಮೇಲಿನವರು ಒಬ್ಬೊಬ್ಬರೇ ಹಿಂದೆ ಸರಿದಾಗ ನನ್ನನ್ನು ಕೋವಿಡ್ ಇನ್‌ಚಾರ್ಜ್ ಮಾಡಿದರು. ಆರ್ಡರ್ ಕೊಡಲಿಲ್ಲ, ಬಾಯಿಮಾತಲ್ಲೇ ಹೇಳಿದರು. ಆಕ್ಸಿಜನ್ ಸಿಲಿಂಡರ್ ತರಿಸಲೂ ಕಾರ್ಯದರ್ಶಿಯ ಸಹಿ ಬೇಕಿತ್ತು, ರಾತ್ರಿ ಹೊತ್ತು ಅವರು ಫೋನ್ ಎತ್ತುತ್ತಿರಲಿಲ್ಲ. ಒಬ್ಬ ರೋಗಿ ತೀರಿಕೊಂಡಾಗ ಮನೆಯವರು ಗಲಾಟೆ ಮಾಡಿದರು. ಮ್ಯಾನೇಜ್‌ಮೆಂಟ್ ನನ್ನ ಕಡೆ ಕೈ ತೋರಿಸಿ ಸುಮ್ಮನಾಯಿತು. ಆ ರಾತ್ರಿ ಜೊತೆಗಿದ್ದ ಒಬ್ಬಳು ಚಿಕ್ಕ ವಯಸ್ಸಿನ ಸ್ಟಾಫ್ ನರ್ಸ್ ಮಾರನೇ ತಿಂಗಳು ಕೆಲಸ ಬಿಟ್ಟಳು. ಅಲೆ ಇಳಿದ ಮೇಲೆ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು, ಆಡಳಿತ ಸಮಿತಿಗೆ ಮಾತ್ರ ಬೇರೆಯವರನ್ನು ತೆಗೆದುಕೊಂಡರು. ಈಗ ಡೆಂಗಿ ಜೋರಾಗಿದೆ, ಮುಂದೆ ಮಂಗನ ಕಾಯಿಲೆಯ ಕಾಲ ಬರುತ್ತಿದೆ. ತುರ್ತು ಸಮಿತಿಗೆ ನೀವೇ ಮುಖ್ಯಸ್ಥೆ ಆಗಿ, ಇಂಥ ಹೊತ್ತಲ್ಲಿ ಹೆಂಗಸರೇ ಚೆನ್ನಾಗಿ ನಿಭಾಯಿಸುತ್ತಾರೆ ಅನ್ನುತ್ತಿದ್ದಾರೆ. ಮಗಳು ಬೇಡ ಅನ್ನುತ್ತಾಳೆ. ಯಜಮಾನರು ನಿನ್ನಿಷ್ಟ ಅನ್ನುತ್ತಾರೆ. ಬೇಡ ಅಂದರೆ ಹೆದರಿದಳು ಅನ್ನುತ್ತಾರೇನೋ. ಏನು ಮಾಡಲಿ?

ಉತ್ತರ:

ಸಿಸ್ಟರ್, ನಿಮ್ಮ ಪತ್ರ ಎರಡು ಸಲ ಓದಿದೆ. ಡೆಂಗಿ ವಾರ್ಡ್ ನಡೆಸುವುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮನ್ನು ಕಾಡುತ್ತಿರುವುದು ಒಂದೇ ಮಾತು, ಮತ್ತೆ ಒಂಟಿಯಾಗಿ ನಿಲ್ಲಿಸಿಬಿಡುತ್ತಾರಾ ಅನ್ನುವುದು. ಆ ಭಯ ನ್ಯಾಯವಾದದ್ದು. ಒಮ್ಮೆ ಹಾಗೆ ಆಗಿದೆ, ಮತ್ತೆ ಆಗುವುದಿಲ್ಲ ಅನ್ನುವುದಕ್ಕೆ ಅವರು ಈವರೆಗೆ ಏನೂ ಕೊಟ್ಟಿಲ್ಲ.

ನಾನು ಇಪ್ಪತ್ತಾರು ವರ್ಷ ಆಸ್ಪತ್ರೆ ಆಡಳಿತದಲ್ಲಿ ಕೆಲಸ ಮಾಡಿದ್ದೇನೆ. 2009ರ ಎಚ್1ಎನ್1 (ಹಂದಿಜ್ವರ) ಹೊತ್ತಲ್ಲಿ ನಾನೂ ಬಾಯಿಮಾತಿನ ಆರ್ಡರ್ ನಂಬಿ ಒಂದು ಪ್ರತ್ಯೇಕ ವಾರ್ಡ್ ನಡೆಸಿದ್ದೆ. ಮಾಸ್ಕ್ ಖರೀದಿ ಯಾಕೆ ತಡವಾಯಿತು ಅಂತ ಆಮೇಲೆ ವಿಚಾರಣೆ ನಡೆದಾಗ, ನಾನು ಕೇಳಿದ್ದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಹಾಗಾಗಿ ನೀವು ಬರೆದದ್ದರಲ್ಲಿ ನನಗೆ ಹೊಸದು ಅನ್ನಿಸಿದ್ದು ಯಾವುದೂ ಇಲ್ಲ, ಅದೇ ಬೇಸರದ ವಿಷಯ.

ಮೊದಲು "ಹೆಂಗಸರೇ ಚೆನ್ನಾಗಿ ನಿಭಾಯಿಸುತ್ತಾರೆ" ಅನ್ನುವ ಮಾತಿಗೆ ಬರೋಣ. ಇದು ಕೋವಿಡ್ ಶುರುವಾದ ಮೇಲೆ ಜಾಸ್ತಿ ಓಡಾಡಿದ ಮಾತು. ನ್ಯೂಜಿಲೆಂಡಿನ ಜಸಿಂಡಾ ಆರ್ಡರ್ನ್, ಜರ್ಮನಿಯ ಆಂಗೆಲಾ ಮರ್ಕೆಲ್, ತೈವಾನಿನ ತ್ಸಾಯ್ ಇಂಗ್-ವೆನ್, ಆಗ ದೇಶ ನಡೆಸುತ್ತಿದ್ದ ಈ ಮೂವರ ಫೋಟೋ ಪಕ್ಕಪಕ್ಕ ಹಾಕಿ ಎಲ್ಲರೂ ಬರೆದರು. ಲಿವರ್‌ಪೂಲ್ ಮತ್ತು ರೆಡಿಂಗ್ ವಿಶ್ವವಿದ್ಯಾಲಯಗಳ ಇಬ್ಬರು ಅರ್ಥಶಾಸ್ತ್ರಜ್ಞೆಯರು 194 ದೇಶಗಳ ಲೆಕ್ಕ ತೆಗೆದು, ಮೊದಲ ಕೆಲವು ತಿಂಗಳಲ್ಲಿ ಹೆಂಗಸರು ಮುಖ್ಯಸ್ಥರಾಗಿದ್ದ ಕಡೆ ಸಾವು ಕಡಿಮೆ, ಲಾಕ್‌ಡೌನ್ ಬೇಗ ಆಗಿತ್ತು ಅಂತ ತೋರಿಸಿದರು. ಆದರೆ ಆ 194ರಲ್ಲಿ ಹೆಂಗಸರ ಕೈಯಲ್ಲಿದ್ದದ್ದು 19 ದೇಶ ಮಾತ್ರ. ಅಷ್ಟು ಸಣ್ಣ ಗುಂಪು ಇಟ್ಟುಕೊಂಡು ಹೆಣ್ಣಿನ ಸ್ವಭಾವವೇ ಹೀಗೆ ಅನ್ನಲು ಆಗುವುದಿಲ್ಲ. ಬೇರೆ ಅಧ್ಯಯನಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಬೆಲ್ಜಿಯಂ ನೋಡಿ. ಮೊದಲ ಅಲೆಯಲ್ಲಿ ಅಲ್ಲಿ ಪ್ರಧಾನಿ ಸೋಫಿ ವಿಲ್ಮೆಸ್, ಹೆಂಗಸೇ. ಆದರೂ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ದೇಶಗಳಲ್ಲಿ ಅದೂ ಒಂದು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಬ್ರೆಜಿಲಿನ ಒಂದು ಅಧ್ಯಯನ. ಅವರು ದೇಶಗಳನ್ನು ಬಿಟ್ಟು ಊರುಗಳನ್ನು ತೆಗೆದುಕೊಂಡರು. ಕೂದಲೆಳೆಯ ಅಂತರದಲ್ಲಿ ಹೆಂಗಸು ಮೇಯರ್ ಆದ ಊರು ಒಂದು ಕಡೆ, ಅಷ್ಟೇ ಅಂತರದಲ್ಲಿ ಗಂಡಸು ಗೆದ್ದ ಊರು ಇನ್ನೊಂದು ಕಡೆ. ಮಿಕ್ಕಿದ್ದೆಲ್ಲ ಹೆಚ್ಚು ಕಡಿಮೆ ಒಂದೇ. ಹೆಂಗಸು ಮೇಯರ್ ಇದ್ದ ಕಡೆ ಸಾವು ಕಡಿಮೆ, ಆಸ್ಪತ್ರೆ ಸೇರಿದವರೂ ಕಡಿಮೆ. ಆದರೆ ಅಲ್ಲಿ ಏನಿತ್ತು ಅಂತ ಗಮನಿಸಬೇಕು. ಮೇಯರ್ ಅಂದರೆ ಆದೇಶ ಹೊರಡಿಸುವ ಅಧಿಕಾರ ಇತ್ತು. ಮಾಸ್ಕ್ ಕಡ್ಡಾಯ ಮಾಡಬಹುದಿತ್ತು, ಜನ ಸೇರುವುದನ್ನು ನಿಲ್ಲಿಸಬಹುದಿತ್ತು. ಮಾಡಿದರು. ನಿಮ್ಮ ಟ್ರಸ್ಟಿನವರು ನಿಮ್ಮನ್ನು ಹೊಗಳುವಾಗ ಬಿಟ್ಟುಬಿಡುವುದು ಇದನ್ನೇ.

ಇನ್ನೊಂದು ಉದಾಹರಣೆ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. 2014ರಲ್ಲಿ ಲೈಬೀರಿಯಾದಲ್ಲಿ ಎಬೊಲಾ ಬಂದಾಗ ಅಲ್ಲಿ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್. ಆಗಸ್ಟ್ ತಿಂಗಳಲ್ಲಿ ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಅನ್ನುವ ಬಡವರ ಬಡಾವಣೆಯನ್ನು ಸೈನಿಕರನ್ನು ಹಾಕಿ ಸುತ್ತುಗಟ್ಟಿಸಿದರು. ಜನ ರೊಚ್ಚಿಗೆದ್ದರು, ಗುಂಡು ಹಾರಿತು, ಒಬ್ಬ ಹುಡುಗ ಸತ್ತ. ಹತ್ತೇ ದಿನಕ್ಕೆ ಅದನ್ನು ತೆಗೆಯಬೇಕಾಯಿತು. ಅದು ತಪ್ಪಾಯಿತು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಮುಂದೆ ಕೇರಿಯ ಹಿರಿಯರನ್ನು, ಅಲ್ಲಿಯವರನ್ನೇ ಕೆಲಸಕ್ಕೆ ಹಚ್ಚಿದ ಮೇಲೆ ಜನ ಮಾತು ಕೇಳಿದರು. ಹೆಂಗಸು ಕುರ್ಚಿಯಲ್ಲಿದ್ದರೂ ತಪ್ಪಾಗುತ್ತದೆ. ಆದರೆ ತಪ್ಪನ್ನು ಬೇಗ ತಿದ್ದಿಕೊಳ್ಳುವುದು ದೊಡ್ಡ ಕೆಲಸ. ಮರ್ಕೆಲ್ ಕೂಡ 2021ರ ಮಾರ್ಚಿನಲ್ಲಿ ಈಸ್ಟರ್ ಲಾಕ್‌ಡೌನ್ ಅಂತ ಘೋಷಿಸಿ, ಒಂದೂವರೆ ದಿನದಲ್ಲೇ ವಾಪಸ್ ತೆಗೆದುಕೊಂಡು, ತಪ್ಪು ನನ್ನದೊಬ್ಬಳದೇ ಅಂತ ಜನರ ಕ್ಷಮೆ ಕೇಳಿದರು.

ಹಾಗಾದರೆ ಹೆಂಗಸರು ಮುಂದೆ ನಿಲ್ಲುವುದರಿಂದ ಸಂಸ್ಥೆಗೆ ಏನೂ ಲಾಭವಿಲ್ಲವಾ? ಇದೆ, ತುಂಬಾ ಇದೆ. ಅದು ಬರುವುದು ಕೆಲಸದ ಜಾಗದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯ ಮತ್ತು ಆರೈಕೆಯ ಕೆಲಸ ಮಾಡುವವರಲ್ಲಿ ಸುಮಾರು 70% ಹೆಂಗಸರು, ಮೇಲಿನ ಹುದ್ದೆಗಳಲ್ಲಿ ಸುಮಾರು 25% ಮಾತ್ರ. ಅಂದರೆ ರೋಗಿಯ ಪಕ್ಕ ನಿಂತು ನೋಡಿದವರು ಒಂದು ಕಡೆ, ತೀರ್ಮಾನ ಮಾಡುವವರು ಇನ್ನೊಂದು ಕಡೆ. 2020ರಲ್ಲಿ 87 ದೇಶಗಳ 115 ಕೋವಿಡ್ ಕಾರ್ಯಪಡೆಗಳನ್ನು ನೋಡಿದಾಗ 85%ಕ್ಕೂ ಹೆಚ್ಚು ಕಡೆ ಗಂಡಸರೇ ಬಹುಮತದಲ್ಲಿದ್ದರು.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. 2020ರ ಬೇಸಿಗೆಯಲ್ಲಿ ನಾನಿದ್ದ ಆಸ್ಪತ್ರೆಯಲ್ಲಿ ಪಿಪಿಇ ಕಿಟ್ ಬಂತು, ಎಲ್ಲವೂ ಲಾರ್ಜ್ ಮತ್ತು ಎಕ್ಸ್‌ಟ್ರಾ ಲಾರ್ಜ್. ನಮ್ಮ ಹುಡುಗಿಯರಲ್ಲಿ ಅರ್ಧಕ್ಕರ್ಧ ಐದಡಿ ಎತ್ತರ. ಕಾಲು ಎಡವುತ್ತಿತ್ತು, ಮಾಸ್ಕ್ ಕೆನ್ನೆಯ ಪಕ್ಕ ಬಾಯಿ ಬಿಡುತ್ತಿತ್ತು, ಅವರು ಪ್ಲಾಸ್ಟರ್ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಆರು ತಾಸಿನ ಪಾಳಿ, ಮಧ್ಯೆ ಬಾತ್‌ರೂಮಿಗೆ ಹೋಗುವ ಹಾಗಿಲ್ಲ, ಮುಟ್ಟಿನ ದಿನಗಳಲ್ಲಿ ಆ ಹುಡುಗಿಯರು ಪಟ್ಟ ಪಾಡು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಎಷ್ಟೋ ಜನ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಖರೀದಿ ಸಮಿತಿಯಲ್ಲಿ ಇದು ಯಾರಿಗೂ ಗೊತ್ತೇ ಇರಲಿಲ್ಲ. ಅವರು ಕೆಟ್ಟವರಲ್ಲ, ಕಿಟ್ ಹಾಕಿಕೊಂಡವರು ಅವರಲ್ಲ ಅಷ್ಟೇ. ಒಬ್ಬ ಹೆಡ್ ನರ್ಸನ್ನು ಸಮಿತಿಗೆ ಸೇರಿಸಿದ ವಾರದಲ್ಲೇ ಸ್ಮಾಲ್ ಸೈಜು ಬಂತು, ಪಾಳಿ ನಾಲ್ಕು ತಾಸಿಗೆ ಇಳಿಯಿತು. ನನಗೆ ಮಹಿಳಾ ನಾಯಕತ್ವ ಅಂದರೆ ನೆನಪಾಗುವುದು ಆ ಹೆಡ್ ನರ್ಸೇ.

ಈಗ ನಿಮ್ಮ ಪ್ರಶ್ನೆಯ ನಡುಭಾಗಕ್ಕೆ ಬರುತ್ತೇನೆ. ಎಲ್ಲರೂ ಹಿಂದೆ ಸರಿದ ಮೇಲೆ ನಿಮ್ಮನ್ನೇ ಯಾಕೆ ಕರೆದರು?

ಇದಕ್ಕೆ ಒಂದು ಹೆಸರಿದೆ, ಗ್ಲಾಸ್ ಕ್ಲಿಫ್, ಅಂದರೆ ಬೀಳುವ ಅಪಾಯ ಇರುವ ಜಾಗಕ್ಕೇ ಹೆಂಗಸನ್ನು ತಂದು ನಿಲ್ಲಿಸುವುದು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮಿಷೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2005ರಲ್ಲಿ ಕೊಟ್ಟ ಹೆಸರು. ಹೆಂಗಸರು ನಿರ್ದೇಶಕ ಮಂಡಳಿಗೆ ಬಂದ ಕಂಪನಿಗಳ ಶೇರು ಬೀಳುತ್ತದೆ ಅಂತ ಅಲ್ಲಿಯ ಒಂದು ಪತ್ರಿಕೆ ಬರೆದಿತ್ತು. ಇವರು ಲೆಕ್ಕ ತಿರುಗಿಸಿ ನೋಡಿದರು. ಶೇರು ಮೊದಲೇ ಬೀಳುತ್ತಿತ್ತು, ಬಿದ್ದ ಮೇಲೆ ಹೆಂಗಸರನ್ನು ಕರೆದಿದ್ದರು! ದೋಣಿಗೆ ನೀರು ನುಗ್ಗಿದ ಮೇಲೆ ಹುಟ್ಟು ಕೈಗೆ ಕೊಟ್ಟ ಹಾಗೆ. ದಡ ಸೇರಿದರೆ ದೋಣಿ ಒಡೆಯನದು, ಮುಳುಗಿದರೆ ಹುಟ್ಟು ಹಾಕಿದವಳ ತಪ್ಪು. ಬೇಕು ಅಂತಲೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ನಿಜವಾಗಿಯೂ ನಂಬಿಕೆಯಿಂದಲೇ ಕರೆಯುತ್ತಾರೆ. ತಾಳ್ಮೆ ಇರುವವಳು, ಎದುರಾಡದವಳು, ಸಂಬಳ ಜಾಸ್ತಿ ಕೇಳದವಳು ಅನ್ನುವ ಲೆಕ್ಕವೂ ಆ ನಂಬಿಕೆಯ ಒಳಗೇ ಕೂತಿರುತ್ತದೆ.

ಶಾಲಿನ ವಿಷಯ ಬರೆದಿದ್ದೀರಿ. ಅದು ನನಗೆ ತುಂಬಾ ನಾಟಿತು. ಹೆಂಗಸರು ಮಾಡಿದ್ದನ್ನು ನಾವು ಕೆಲಸ ಅನ್ನುವುದಿಲ್ಲ, ತ್ಯಾಗ ಅನ್ನುತ್ತೇವೆ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆ, ಡಾಕ್ಟರಾಗಿದ್ದ ಮಗ ಯಶವಂತನ ಜೊತೆ ಊರಾಚೆ ಚಿಕಿತ್ಸಾಲಯ ತೆರೆದರು. ಕಾಯಿಲೆ ಬಿದ್ದ ಒಬ್ಬ ಹುಡುಗನನ್ನು ಹೊತ್ತು ತಂದು, ಅದೇ ಪ್ಲೇಗಿನಿಂದ ಮಾರ್ಚ್ 10ರಂದು ತೀರಿಕೊಂಡರು. ಹೊತ್ತು ತಂದ ಕಥೆ ಎಲ್ಲರ ಬಾಯಲ್ಲಿದೆ. ಚಿಕಿತ್ಸಾಲಯ ಊರಾಚೆ ಇರಬೇಕು ಅಂತ ಯೋಚಿಸಿದ್ದು, ಅದನ್ನು ನಿಲ್ಲಿಸಿ ನಡೆಸಿದ್ದು ಯಾರ ಬಾಯಲ್ಲೂ ಇಲ್ಲ. ನಮ್ಮ ಆಶಾ ಕಾರ್ಯಕರ್ತೆಯರದ್ದೂ ಇದೇ. 2020ರ ಜುಲೈಯಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ, ಸುರಕ್ಷತಾ ಸಾಮಗ್ರಿ ಕೇಳಿ ರಾಜ್ಯದಲ್ಲಿ ಕೆಲಸ ನಿಲ್ಲಿಸಬೇಕಾಯಿತು. 2022ರಲ್ಲಿ ದೇಶದ ಎಲ್ಲ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿ ಬಂತು. ಪ್ರಶಸ್ತಿ ಸಂತೋಷವೇ, ಆದರೆ ಅವರು ಕೇಳಿದ್ದು ಅದಲ್ಲವಲ್ಲ.

ಪಕ್ಕದ ಕೇರಳದಲ್ಲಿ ಆರೋಗ್ಯ ಸಚಿವೆಯಾಗಿದ್ದ ಕೆ.ಕೆ. ಶೈಲಜಾ ಅವರ ವಿಷಯ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅವರ ಹೆಸರು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಅನ್ನುವ ವೈರಸ್ ಕಾಯಿಲೆ ಬಂತು. ಅನುಮಾನ ಪಟ್ಟದ್ದು ಅಲ್ಲಿಯ ಆಸ್ಪತ್ರೆಯ ಡಾಕ್ಟರುಗಳು, ನಿಪಾ ಅಂತ ಮೊದಲು ಹೇಳಿದ್ದು ನಮ್ಮ ಮಣಿಪಾಲದ ವೈರಸ್ ಪ್ರಯೋಗಾಲಯ. ರೋಗಿಗಳನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಪ್ರಾಣ ಕೊಟ್ಟರು. ಸಚಿವೆ ಆಗಿ ಶೈಲಜಾ ಇವರ ಮಾತು ಕೇಳಿದರು, ಕೇಳಿದ್ದನ್ನು ಆದೇಶ ಮಾಡಿದರು, ಆದೇಶಕ್ಕೆ ಹಣ ಮತ್ತು ಜನ ಹಿಂದೆಯೇ ಬಂತು. ಆ ಅಭ್ಯಾಸ ಇದ್ದದ್ದರಿಂದ 2020ರ ಜನವರಿ 30ಕ್ಕೆ ದೇಶದ ಮೊದಲ ಕೋವಿಡ್ ಪ್ರಕರಣ ಕೇರಳದಲ್ಲಿ ಸಿಗುವ ಮೊದಲೇ ಅಲ್ಲಿ ಕಂಟ್ರೋಲ್ ರೂಮ್ ತಯಾರಿತ್ತು. ಇನ್ನರ್ಧ ಏನೆಂದರೆ, 2021ರಲ್ಲಿ ಅವರು 60,000ಕ್ಕೂ ಹೆಚ್ಚು ಮತಗಳಿಂದ ಗೆದ್ದರೂ ಹೊಸ ಸಂಪುಟದಲ್ಲಿ ಇರಲಿಲ್ಲ. ಮುಖ್ಯಮಂತ್ರಿ ಬಿಟ್ಟು ಎಲ್ಲರೂ ಹೊಸಬರೇ ಇರಲಿ ಅನ್ನುವುದು ಪಕ್ಷದ ನಿಲುವಾಗಿತ್ತು, ಸರಿ. ಆದರೂ ಕಷ್ಟ ಕಾಲದಲ್ಲಿ ಮಾಡಿದ ಕೆಲಸ ತಾನಾಗಿಯೇ ಕುರ್ಚಿ ಉಳಿಸುತ್ತದೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ. ಕುರ್ಚಿ ಬೇಕಿದ್ದರೆ ಅದನ್ನು ಈಗಲೇ, ಮೊದಲೇ, ಬಾಯಿಬಿಟ್ಟು ಕೇಳಬೇಕು.

ನಿಮ್ಮ ಮುಂದೆ ಏನೇನು ದಾರಿ ಇದೆ ನೋಡೋಣ.

ಕೇಳಿದ ಹಾಗೇ ಒಪ್ಪಿಕೊಳ್ಳುವುದು ಒಂದು. ಇದಕ್ಕೆ ನಾನು ಬೇಡ ಅನ್ನುತ್ತೇನೆ, ಅಷ್ಟೇ. 2021 ನಿಮಗೆ ಮತ್ತೆ ಬೇಕಾಗಿಲ್ಲ.

ಡಾಕ್ಟರೊಬ್ಬರ ಜೊತೆ ಜಂಟಿಯಾಗಿ ಮುಖ್ಯಸ್ಥರಾಗುವುದು ಇನ್ನೊಂದು. ಕೇಳಲು ಚೆನ್ನಾಗಿರುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ಇಬ್ಬರು ಯಜಮಾನರಿದ್ದರೆ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂತವಳಿಗೆ ಯಾರ ಮಾತು ಕೇಳಬೇಕು ಗೊತ್ತಾಗುವುದಿಲ್ಲ. ತುರ್ತು ನಿರ್ವಹಣೆಯ ಒಂದು ಪದ್ಧತಿ ಇದೆ, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚು ಆರಿಸುವವರು ಕಟ್ಟಿದ್ದು, ಈಗ ಆಸ್ಪತ್ರೆಗಳೂ ಬಳಸುತ್ತವೆ. ಅದರ ಮೊದಲ ನಿಯಮವೇ ಪ್ರತಿಯೊಬ್ಬನಿಗೂ ಮೇಲೆ ಒಬ್ಬರೇ ಇರಬೇಕು, ಒಬ್ಬರ ಕೆಳಗೆ ಮೂರರಿಂದ ಏಳು ಜನ ಮಾತ್ರ ಇರಬೇಕು ಅನ್ನುವುದು. ಅಲ್ಲಿ ಹುದ್ದೆ ದೊಡ್ಡದೋ ಚಿಕ್ಕದೋ ಮುಖ್ಯವಲ್ಲ, ತರಬೇತಿ ಇದ್ದವರು ಮುಖ್ಯಸ್ಥರು. ಡಾಕ್ಟರಿಗೆ ನರ್ಸ್ ಹೇಗೆ ಹೇಳುವುದು ಅನ್ನುವ ಮುಜುಗರ ನಿಮ್ಮಲ್ಲೂ ಇದ್ದರೆ, ಇದನ್ನು ನೆನಪಿಡಿ. ಚಿಕಿತ್ಸೆಯ ತೀರ್ಮಾನ ಡಾಕ್ಟರದ್ದೇ. ಬೆಡ್ಡು, ಜನ, ಸಾಮಾನು, ಮಾಹಿತಿ, ಇವು ಮುಖ್ಯಸ್ಥೆಯದ್ದು.

ಷರತ್ತು ಹಾಕಿ ಒಪ್ಪಿಕೊಳ್ಳುವುದು ಮೂರನೆಯದು, ನನ್ನ ಮನಸ್ಸಿರುವುದು ಇದರ ಮೇಲೆ. ಒಂದು ಪುಟದ ಪತ್ರ ಬರೆಯಿರಿ. ನೇಮಕದ ಆರ್ಡರ್ ಬರಹದಲ್ಲಿ ಬೇಕು, ಅದರಲ್ಲಿ ಶುರುವಾಗುವ ತಾರೀಖು ಮತ್ತು ಮುಗಿಯುವ ಅಥವಾ ಮರುಪರಿಶೀಲನೆಯ ತಾರೀಖು ಇರಬೇಕು. ಸಹಿ ಇಲ್ಲದೆ ನೀವೇ ಖರ್ಚು ಮಾಡಬಹುದಾದ ಒಂದು ಮೊತ್ತ ಬೇಕು. ಅದು ಎಷ್ಟು ಅನ್ನುವುದಕ್ಕೆ 2021ರಲ್ಲಿ ಒಂದು ರಾತ್ರಿಗೆ ಎಷ್ಟು ಬೇಕಾಗಿತ್ತು ಅನ್ನುವ ನಿಮ್ಮದೇ ಲೆಕ್ಕ ಇಡಿ, ಆಗ ಯಾರೂ ಸುಮ್ನೆ ಕೇಳಿದಳು ಅನ್ನಲು ಆಗುವುದಿಲ್ಲ. ಸಿಬ್ಬಂದಿಯನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹಾಕುವ ಅಧಿಕಾರ ಬೇಕು. ನಿಮಗೆ ಜ್ವರ ಬಂದರೆ ಯಾರು ಅನ್ನುವ ಹೆಸರು ಬೇಕು. ತಾಲೂಕು ಆರೋಗ್ಯಾಧಿಕಾರಿಗೆ ದಿನದ ವರದಿ ಯಾರು ಕೊಡುತ್ತಾರೆ, ರೋಗಿಯ ಮನೆಯವರ ಜೊತೆ ಮತ್ತು ಪೇಪರಿನವರ ಜೊತೆ ಯಾರು ಮಾತಾಡುತ್ತಾರೆ ಅನ್ನುವುದು ಬರಹದಲ್ಲಿರಲಿ. ಆಡಳಿತ ಸಮಿತಿಯಲ್ಲಿ ನಿಮಗೆ ಜಾಗ, ಅದನ್ನೂ ಬರೆಯಿರಿ. ನಾಚಿಕೆ ಬೇಡ.

ಗಲಾಟೆಯ ವಿಷಯ ಇದರಲ್ಲಿ ಮರೆಯಬೇಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ, ನರ್ಸುಗಳೂ ಅದರಲ್ಲಿ ಬರುತ್ತಾರೆ. 2020ರಲ್ಲಿ ಸಾಂಕ್ರಾಮಿಕ ರೋಗಗಳ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು, ಅಂಥ ಹೊತ್ತಿನಲ್ಲಿ ಹಲ್ಲೆ ಮಾಡಿದವರಿಗೆ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಅಂತ ಮಾಡಿದ್ದಾರೆ. ಆದರೆ ದೂರು ಕೊಡಲು ಒಬ್ಬ ನರ್ಸು ಒಂಟಿಯಾಗಿ ಸ್ಟೇಷನ್ನಿಗೆ ಹೋಗಬಾರದು. ದೂರು ಸಂಸ್ಥೆಯ ಹೆಸರಲ್ಲಿ, ಮ್ಯಾನೇಜ್‌ಮೆಂಟೇ ಕೊಡಬೇಕು ಅಂತ ಪತ್ರದಲ್ಲಿ ಒಂದು ಸಾಲು ಹಾಕಿ.

ಈ ದಾರಿಯಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಹಠಮಾರಿ ಅನ್ನುತ್ತಾರೆ. ಕೆಲವರು, ಇಷ್ಟು ವರ್ಷ ಹೀಗೆ ಇರಲಿಲ್ಲ, ಈಗ ದೊಡ್ಡವಳಾದಳು ಅನ್ನುತ್ತಾರೆ. ಇದೇ ಪತ್ರವನ್ನು ಒಬ್ಬ ಗಂಡಸು ಕೊಟ್ಟರೆ ವ್ಯವಸ್ಥಿತ ಮನುಷ್ಯ ಅನ್ನುತ್ತಾರೆ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವರು ಪತ್ರ ನೋಡಿ ಬೇರೆಯವರನ್ನು ಹುಡುಕಲೂಬಹುದು. ಹುಡುಕಲಿ. ಒಂದು ವಾರದ ಗಡುವು ಕೊಡಿ, ಉತ್ತರ ಬರಹದಲ್ಲಿ ಬರಲಿ. ಅರ್ಧ ಒಪ್ಪಿದರೆ? ಆರ್ಡರ್ ಮತ್ತು ಖರ್ಚಿನ ಅಧಿಕಾರ, ಇವೆರಡರಲ್ಲಿ ರಾಜಿ ಬೇಡ. ಉಳಿದದ್ದರಲ್ಲಿ ಹಿಂದೆ ಮುಂದೆ ಆಗಬಹುದು.

ಒಪ್ಪದಿದ್ದರೆ ನಾಲ್ಕನೇ ದಾರಿ. ಮುಖ್ಯಸ್ಥೆ ಆಗುವುದಿಲ್ಲ, ಸೋಂಕು ನಿಯಂತ್ರಣ ಮತ್ತು ನರ್ಸಿಂಗ್ ವಿಭಾಗವನ್ನು ಪೂರ್ತಿ ನೋಡಿಕೊಳ್ಳುತ್ತೇನೆ, ಸಮಿತಿಯಲ್ಲಿ ಸದಸ್ಯೆಯಾಗಿ ಇರುತ್ತೇನೆ ಅನ್ನಿ. ಇದು ಹೆದರಿಕೆ ಅಲ್ಲವೇ ಅಲ್ಲ. ಬ್ರೇಕ್ ಇಲ್ಲದ ಬಸ್ಸು ಓಡಿಸುವುದಿಲ್ಲ ಅನ್ನುವ ಡ್ರೈವರನ್ನು ಯಾರೂ ಹೇಡಿ ಅನ್ನುವುದಿಲ್ಲ, ಅಲ್ವಾ? ಇದರಲ್ಲಿರುವ ನಷ್ಟ, ವಾರ್ಡಿನ ಕಷ್ಟ ಗೊತ್ತಿಲ್ಲದವರು ಮೇಲೆ ಕೂರಬಹುದು. ಅದಕ್ಕೇ ಸದಸ್ಯತ್ವ ಬಿಡಬೇಡಿ.

ಒಪ್ಪಿಕೊಂಡರೆ ಮೊದಲ ದಿನದಿಂದ ಒಂದು ಉದ್ದನೆಯ ನೋಟ್‌ಬುಕ್ ಇಡಿ. ಏನು ತೀರ್ಮಾನ ಆಯಿತು, ಎಷ್ಟು ಗಂಟೆಗೆ, ಯಾರಿಗೆ ಹೇಳಿದೆ, ಏನು ಕೇಳಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ. ದಿನಾ ಒಂದೇ ಹೊತ್ತಿಗೆ ಹದಿನೈದು ನಿಮಿಷ ಎಲ್ಲರನ್ನೂ ನಿಲ್ಲಿಸಿ ಮಾತಾಡಿ, ಆಯಾಗಳು, ಸ್ವಚ್ಛತೆಯವರು ಸೇರಿ. ನ್ಯೂಜಿಲೆಂಡಿನಲ್ಲಿ ಮಧ್ಯಾಹ್ನ ಒಂದು ಗಂಟೆಯ ಮಾತಿಗೆ ಇಡೀ ದೇಶ ಕಾಯುತ್ತಿತ್ತು. ಆರ್ಡರ್ನ್ ಪಕ್ಕದಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರು ನಿಂತು ಅಂಕಿ ಹೇಳುತ್ತಿದ್ದರು. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇದು ಅಂತ ದಿನಾ ಅದೇ ಹೊತ್ತಿಗೆ ಹೇಳಿದರೆ ಕಾರಿಡಾರಿನ ಗಾಳಿಮಾತು ಅರ್ಧ ನಿಲ್ಲುತ್ತದೆ. ನಿಮ್ಮ ಕಡೆ ಇದು ಇನ್ನೂ ಮುಖ್ಯ. ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ, ರೋಗಿಯಿಂದ ಪಕ್ಕದವರಿಗೆ ಹರಡುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ ಇದು, ಆದರೂ ಇವತ್ತಿಗೂ ಆ ರೋಗಿಯ ಹತ್ತಿರ ಹೋಗಲು ಹೆದರುವ ಸಿಬ್ಬಂದಿ ಇದ್ದಾರೆ. ಡಿಸೆಂಬರಿಗೆ ಮೊದಲೇ ಎಲ್ಲರಿಗೂ ಇದನ್ನು ಕೂರಿಸಿ ಹೇಳಿ.

ಮಗಳ ಮಾತಿಗೆ ಬರುತ್ತೇನೆ. ಅವಳು ಬೇಡ ಅನ್ನುವುದು 2021ರಲ್ಲಿ ಮನೆಯಲ್ಲಿ ನಿಮ್ಮನ್ನು ನೋಡಿದ ಮೇಲೆ. ಪತ್ರದ ಕರಡು ಮೊದಲು ಅವಳಿಗೆ ತೋರಿಸಿ. ಯಜಮಾನರಿಗೆ, ನಿನ್ನಿಷ್ಟ ಅನ್ನುವುದು ಸಾಲದು ಅಂತ ಹೇಳಿ. ನೀವು ಸಮಿತಿ ನಡೆಸುವ ತಿಂಗಳುಗಳಲ್ಲಿ ಅಡುಗೆ ಯಾರದ್ದು, ರಾತ್ರಿ ನಿಮ್ಮನ್ನು ಕರೆತರುವುದು ಯಾರು, ಹಿರಿಯರಿದ್ದರೆ ಅವರ ಔಷಧಿ ಯಾರದ್ದು ಅಂತ ಅಲ್ಲೂ ಹಂಚಿಕೊಳ್ಳಿ.

ಮತ್ತೆ ಆ ಕೆಲಸ ಬಿಟ್ಟ ಹುಡುಗಿ. ನಂಬರ್ ಇದ್ದರೆ ಒಂದು ಫೋನ್ ಮಾಡಿ, ಕೆಲಸಕ್ಕೆ ವಾಪಸ್ ಕರೆಯಲು ಅಲ್ಲ. ಆ ರಾತ್ರಿ ಏನು ಇದ್ದಿದ್ದರೆ ನೀನು ಉಳಿಯುತ್ತಿದ್ದೆ ಅಂತ ಕೇಳಿ. ಅವಳು ಹೇಳಿದ್ದನ್ನು ಪತ್ರಕ್ಕೆ ಸೇರಿಸಿ, ಆಮೇಲೆ ಸಹಿ ಹಾಕಿ.